ಮೊದಲ ಬಾರಿ ಅಕ್ಯುಪಂಕ್ಚರ್ ಮತ್ತು ಮೂಲಿಕೆ ಔಷಧಿ: ಒಪ್ಪಿಕೊಳ್ಳುವ ಮುನ್ನ ಏನೇನು ತಿಳಿದಿರಬೇಕು?

ಸಂಜೆಮಲ್ಲಿಗೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನಗೆ 58 ವರ್ಷ. ಎರಡೂ ಮಂಡಿಗಳ ಸಂಧಿ ಸವೆದಿದೆಯೆಂದು ಮೂಳೆ ತಜ್ಞರು ಹೇಳಿ ನಾಲ್ಕು ವರ್ಷಗಳಾದವು. ಹೃದಯದ ಬಡಿತ ಲಯ ತಪ್ಪುವ ತೊಂದರೆ ಇರುವುದರಿಂದ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆಯನ್ನೂ, ರಕ್ತದೊತ್ತಡಕ್ಕಾಗಿ ಮೂತ್ರವರ್ಧಕ ಸೇರಿರುವ ಇನ್ನೊಂದು ಮಾತ್ರೆಯನ್ನೂ ನಿತ್ಯ ತೆಗೆದುಕೊಳ್ಳುತ್ತೇನೆ. ವಾರ್ಫರಿನ್ ನುಂಗುವವರು ಸಾಮಾನ್ಯ ನೋವಿನ ಮಾತ್ರೆಗಳನ್ನೂ ನುಂಗಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಅಪಾಯ ಹೆಚ್ಚೆಂದು ವೈದ್ಯರು ಅವುಗಳನ್ನು ನಿಲ್ಲಿಸಿದ್ದಾರೆ. ಹೀಗಾಗಿ ಮೆಟ್ಟಿಲು ಹತ್ತುವಾಗಿನ ನೋವಿಗೆ ನನ್ನ ಬಳಿ ಈಗ ಹೆಚ್ಚಿನ ಉಪಾಯಗಳಿಲ್ಲ.

ಗೆಳತಿಯೊಬ್ಬರ ಮಾತಿನಂತೆ ಕಳೆದ ವಾರ ಅಕ್ಯುಪಂಕ್ಚರ್ ಚಿಕಿತ್ಸಕರೊಬ್ಬರನ್ನು ಕಂಡೆ. ಅವರು ಸುಮಾರು ಒಂದು ಗಂಟೆ ಕೂರಿಸಿಕೊಂಡು ನಿದ್ರೆ, ಜೀರ್ಣ, ಬೆವರು, ಬಾಯಾರಿಕೆ ಎಲ್ಲವನ್ನೂ ವಿಚಾರಿಸಿದರು, ನಾಲಿಗೆ ನೋಡಿದರು, ಎರಡೂ ಮಣಿಕಟ್ಟುಗಳಲ್ಲಿ ಮೂರು ಬೆರಳಿಟ್ಟು ನಾಡಿ ನೋಡಿದರು, ಕೊನೆಗೆ "ನಿಮ್ಮ ಮೂತ್ರಪಿಂಡ ಮತ್ತು ಯಕೃತ್ತು ದುರ್ಬಲವಾಗಿವೆ" ಎಂದರು. ವಾರಕ್ಕೆ ಎರಡು ಬಾರಿಯಂತೆ ಆರು ವಾರ ಸೂಜಿ, ಜೊತೆಗೆ ಚೀನೀ ಪದ್ಧತಿಯ ಹನ್ನೊಂದು ಮೂಲಿಕೆಗಳ ಪುಡಿಯನ್ನು ದಿನಕ್ಕೆರಡು ಬಾರಿ ಬಿಸಿನೀರಿನಲ್ಲಿ ಕದಡಿ ಕುಡಿಯಬೇಕೆಂಬುದು ಅವರ ಸಲಹೆ. ನಾನು ನುಂಗುವ ಮಾತ್ರೆಗಳ ವಿಷಯ ತೆಗೆದಾಗ, ಇದೆಲ್ಲ ಪ್ರಕೃತಿಯದ್ದೇ, ಅಡ್ಡಪರಿಣಾಮದ ಮಾತೇ ಇಲ್ಲ, ಎರಡು ಗಂಟೆಯ ಅಂತರವಿಟ್ಟರೆ ಸಾಕು ಎಂದರು. ಪುಡಿಯ ಪೊಟ್ಟಣ ಮನೆಯಲ್ಲಿದೆ, ಇನ್ನೂ ತೆರೆದಿಲ್ಲ.

ನಿಜ ಹೇಳಬೇಕೆಂದರೆ ನನಗೆ ಪುಡಿಯ ಭಯವಿಲ್ಲ, ಸೂಜಿಯ ಭಯವಿದೆ. ಎಷ್ಟು ನೋಯುತ್ತದೆ, ಸೋಂಕು ತಗಲುವುದೇ, ರಕ್ತ ನಿಲ್ಲದೆ ಹರಿದರೆ ಏನು ಮಾಡುವುದು, ಇದೆಲ್ಲ ನಿಜವಾಗಿ ಫಲ ಕೊಡುತ್ತದೆಯೇ ಎಂಬುದನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಬೆಳಗಿನ ನಡಿಗೆ:

ಸಂಜೆಮಲ್ಲಿಗೆಯವರೇ, ಅರೆತಲೆನೋವಿಗಾಗಿ ಎರಡು ಅವಧಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಾರಿ ಸೂಜಿ ಹಾಕಿಸಿಕೊಂಡ ರೋಗಿಯಾಗಿ ಬರೆಯುತ್ತಿದ್ದೇನೆ, ವೈದ್ಯಕೀಯ ತಿಳಿವಳಿಕೆ ನನಗಿಲ್ಲ. ಸೂಜಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಇಂಜೆಕ್ಷನ್. ಅದು ಔಷಧಿ ಹರಿಯಬೇಕಾದ ಟೊಳ್ಳು ಸೂಜಿ. ಇದಾದರೋ ಬಳುಕುವ ಗಟ್ಟಿ ತಂತಿ, ಬಹಳ ಸಪೂರ. ಚುಚ್ಚುವ ಕ್ಷಣದಲ್ಲಿ ಸೊಳ್ಳೆ ಕಡಿದಷ್ಟು ಅನಿಸುತ್ತದೆ, ಕೆಲವು ಕಡೆ ಅದೂ ಇಲ್ಲ. ಆಮೇಲೆ ಒಳಗೆ ಒಂದು ಬಗೆಯ ಭಾರ, ಜೋಮು, ಮಂದವಾದ ಸೆಳೆತ ಬರುತ್ತದೆ. ಚಿಕಿತ್ಸಕರು ಅದನ್ನೇ ಬಯಸುತ್ತಾರೆ. ಚುರುಕ್ಕೆಂದು ಮಿಂಚು ಹೊಡೆದಂತಾದರೆ ಅಥವಾ ಉರಿ ಹತ್ತಿದರೆ ಮಾತ್ರ ಸಹಿಸಿಕೊಂಡು ಕೂರಬೇಡಿ, ಕೂಡಲೇ ಹೇಳಿ. ಸೂಜಿಯನ್ನು ಸ್ವಲ್ಪ ಹಿಂದೆಳೆದರೆ ಅದು ಹೋಗುತ್ತದೆ.

ನನ್ನ ಮೊದಲ ದಿನ ಮಾತ್ರ ಕೆಟ್ಟದಾಗಿತ್ತು, ತಪ್ಪಿನಲ್ಲಿ ಅರ್ಧ ನನ್ನದೇ. ರಾತ್ರಿಯಿಡೀ ತಲೆನೋವಿನಿಂದ ನಿದ್ರೆಗೆಟ್ಟು, ಬೆಳಿಗ್ಗೆ ಏನನ್ನೂ ತಿನ್ನದೆ ಹೋಗಿ ಕುರ್ಚಿಯ ಮೇಲೆ ಕುಳಿತಿದ್ದೆ. ನಾಲ್ಕನೆಯ ಸೂಜಿಗೆ ಮೈ ಬೆವರಿತು, ಕಣ್ಣು ಕತ್ತಲಿಟ್ಟಿತು, ಮುಂದೆ ಕೆಲವು ಕ್ಷಣ ನನಗೆ ನೆನಪಿಲ್ಲ. ಸೂಜಿಗಳನ್ನೆಲ್ಲ ತೆಗೆದು, ಮಲಗಿಸಿ, ಕಾಲುಗಳನ್ನು ಎತ್ತರಕ್ಕೆ ಇಟ್ಟ ಮೇಲೆ ಸರಿಹೋಯಿತು. ಹೊಸಬರಲ್ಲಿ ಇದು ಆಗುವುದುಂಟಂತೆ. ಹಾಗಾಗಿ ಒಂದೆರಡು ಗಂಟೆ ಮೊದಲು ಹಗುರವಾಗಿ ಏನಾದರೂ ತಿಂದು ಹೋಗಿ, ಮಲಗಿಸಿಯೇ ಸೂಜಿ ಹಾಕುವಂತೆ ಕೇಳಿ, ಮೊದಲ ದಿನ ಮರಳುವಾಗ ನೀವೇ ವಾಹನ ಓಡಿಸಬೇಡಿ. ಬಹಳ ಜನರಿಗೆ ಮುಗಿದ ಮೇಲೆ ತೂಕಡಿಕೆ ಬರುತ್ತದೆ.

ಇನ್ನೊಂದು ಸಣ್ಣ ವಿಷಯ. ಒಮ್ಮೆ ಮನೆಗೆ ಬಂದು ತಲೆ ಬಾಚುವಾಗ ಬಾಚಣಿಗೆಗೆ ಏನೋ ತಡೆಯಿತು. ನೋಡಿದರೆ ಕೂದಲ ನಡುವೆ ಒಂದು ಸೂಜಿ ಹಾಗೆಯೇ ಉಳಿದಿತ್ತು. ಅಂದಿನಿಂದ ಹಾಕುವಾಗಲೂ ತೆಗೆಯುವಾಗಲೂ ಗಟ್ಟಿಯಾಗಿ ಎಣಿಸುತ್ತೇನೆ. ಚಿಕಿತ್ಸಕರು ನಗುತ್ತಾರೆ, ನಗಲಿ.

ಫಲ ಸಿಕ್ಕಿತೇ ಎಂದರೆ, ತಿಂಗಳಿಗೆ ಒಂಬತ್ತು ದಿನ ಬರುತ್ತಿದ್ದ ತಲೆನೋವು ಐದಕ್ಕೆ ಇಳಿದದ್ದು ನನ್ನ ದಿನಚರಿ ಪುಸ್ತಕದಲ್ಲಿದೆ. ಆದರೆ ಅದೇ ತಿಂಗಳುಗಳಲ್ಲಿ ನಾನು ರಾತ್ರಿ ಹೊತ್ತು ಕೆಲಸ ಮಾಡುವುದನ್ನೂ ಬಿಟ್ಟಿದ್ದೆ. ಯಾವುದಕ್ಕೆ ಎಷ್ಟು ಪಾಲು ಕೊಡಬೇಕೆಂಬುದನ್ನು ನಾನು ಇಂದಿಗೂ ಬಿಡಿಸಲಾರೆ.

ಸೂಜಿಮೊನೆ:

ನಾನು ಹದಿನೇಳು ವರ್ಷಗಳಿಂದ ಅಕ್ಯುಪಂಕ್ಚರ್ ಮಾಡುತ್ತಿರುವವನು, ಆದ್ದರಿಂದ ನನ್ನ ಮಾತಿನಲ್ಲಿ ವೃತ್ತಿಯ ಒಲವು ಇರಬಹುದೆಂದು ಮೊದಲೇ ಹೇಳಿಬಿಡುತ್ತೇನೆ.

ಸೋಂಕಿನ ಪ್ರಶ್ನೆಗೆ ಉತ್ತರ ಸರಳ. ಸೂಜಿ ಕ್ರಿಮಿಶುದ್ಧಗೊಳಿಸಿ ಮೊಹರು ಮಾಡಿದ ಪೊಟ್ಟಣದಲ್ಲಿರಬೇಕು, ನಿಮ್ಮ ಕಣ್ಣೆದುರೇ ತೆರೆಯಬೇಕು, ಒಮ್ಮೆ ಬಳಸಿದ ಮೇಲೆ ಚೂಪು ತ್ಯಾಜ್ಯದ ಗಟ್ಟಿ ಡಬ್ಬಿಗೆ ಬೀಳಬೇಕು. ಸೂಜಿಗಳನ್ನು ತೊಳೆದು ಮತ್ತೆ ಬಳಸುತ್ತಿದ್ದ ಕಾಲದಲ್ಲಿ ಹೆಪಟೈಟಿಸ್ ಬಿ ಹರಡಿದ ಪ್ರಕರಣಗಳು ದಾಖಲಾಗಿವೆ. "ನಿಮ್ಮ ಸೂಜಿಗಳನ್ನು ನಿಮಗಾಗಿಯೇ ಬೇರೆ ತೆಗೆದಿಡುತ್ತೇವೆ" ಎಂದು ಯಾರಾದರೂ ಹೇಳಿದರೆ ಅದು ಕಾಳಜಿಯ ಮಾತಲ್ಲ, ಎದ್ದು ಬನ್ನಿ.

ವಾರ್ಫರಿನ್ ಇದೆ ಎಂಬ ಒಂದೇ ಕಾರಣಕ್ಕೆ ಸೂಜಿ ಹಾಕಬಾರದೆಂದಿಲ್ಲ. ನಾವು ಹೆಚ್ಚಾಗಿ ಬಳಸುವ ಸೂಜಿಯ ದಪ್ಪ 0.20ರಿಂದ 0.30 ಮಿಲಿಮೀಟರ್, ಅದನ್ನು ತೆಗೆದ ಜಾಗದಲ್ಲಿ ಹತ್ತಿಯಿಂದ ಒಂದೆರಡು ನಿಮಿಷ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ, ಆದರೂ ನೀಲಿಗಟ್ಟುವುದು ನಿಮಗೆ ಇತರರಿಗಿಂತ ಹೆಚ್ಚು. ಚಿಕಿತ್ಸಕರಿಗೆ ನಿಮ್ಮ ಇತ್ತೀಚಿನ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ) ಪರೀಕ್ಷೆಯ ಫಲಿತಾಂಶವನ್ನು ತೋರಿಸಿ. ಅದು ವೈದ್ಯರು ನಿಗದಿಪಡಿಸಿದ ಮಿತಿಗಿಂತ ಮೇಲಿದ್ದರೆ ಆ ದಿನ ಸೂಜಿ ಬೇಡ. ಮಿತಿಯೊಳಗಿದ್ದರೂ ಆಳವಾಗಿ ಚುಚ್ಚುವುದು, ಚುಚ್ಚಿದ ಮೇಲೆ ಜೋರಾಗಿ ತಿರುವುವುದು ನಿಮಗೆ ಸಲ್ಲ. ಚರ್ಮವನ್ನು ಮೇಲಕ್ಕೆ ಹೀರಿ ಹಿಡಿಯುವ ಹೀರುಬಟ್ಟಲು ಇಡುವುದರಿಂದ ದೊಡ್ಡ ಕಲೆಗಳಾಗುತ್ತವೆ, ಚರ್ಮ ಗೀರಿ ರಕ್ತ ತೆಗೆಯುವ ಬಟ್ಟಲನ್ನಂತೂ ನೀವು ಯಾವ ಕಾರಣಕ್ಕೂ ಒಪ್ಪಬಾರದು.

ಹೃದಯದ ಲಯದ ತೊಂದರೆ ಎಂದಿರಿ. ಪೇಸ್‌ಮೇಕರ್ ಅಥವಾ ಅಂಥ ಯಾವುದಾದರೂ ಉಪಕರಣ ಅಳವಡಿಸಿದ್ದರೆ, ಸೂಜಿಗಳಿಗೆ ತಂತಿ ಜೋಡಿಸಿ ವಿದ್ಯುತ್ ಹರಿಸುವ ವಿಧಾನ ನಿಮಗಲ್ಲ. ಹೃದಯದ ಕವಾಟದ ದೋಷ ಇದ್ದರೆ ಅಥವಾ ಕೃತಕ ಕವಾಟ ಇದ್ದರೆ, ಕಿವಿಯಲ್ಲಿ ದಿನಗಟ್ಟಲೆ ಬಿಡುವ ಪುಟ್ಟ ಸೂಜಿಗಳನ್ನು ಹಾಕಿಸಿಕೊಳ್ಳಬೇಡಿ. ಅಲ್ಲಿಂದ ಸೋಂಕು ರಕ್ತಕ್ಕೆ ಸೇರಿ ಕವಾಟವನ್ನು ತಲುಪಬಹುದು. ಮಾಚಿಪತ್ರೆಯ ಜಾತಿಯ ಗಿಡದ ಒಣ ಎಲೆಯನ್ನು ಉರಿಸಿ ಶಾಖ ಕೊಡುವ ಮಾಕ್ಸಾ ವಿಧಾನದಲ್ಲಿ ಸುಟ್ಟಗಾಯಗಳಾಗುವುದುಂಟು, ಪಾದಗಳಲ್ಲಿ ಸ್ಪರ್ಶಜ್ಞಾನ ಕಡಿಮೆಯಿರುವವರು ಅದರಿಂದ ದೂರವಿರುವುದು ಲೇಸು.

ಅಪಾಯದ ಪ್ರಮಾಣವೆಷ್ಟು ಎಂಬುದಕ್ಕೆ ಜರ್ಮನಿಯ ಒಂದು ದೊಡ್ಡ ಅಧ್ಯಯನವಿದೆ. 2009ರಲ್ಲಿ ಪ್ರಕಟವಾದ ಅದರಲ್ಲಿ 2,29,230 ರೋಗಿಗಳ ಮಾಹಿತಿ ಇತ್ತು. ಅವರಲ್ಲಿ ಶೇ. 8.6ರಷ್ಟು ಮಂದಿ ಏನಾದರೊಂದು ಅಡ್ಡಪರಿಣಾಮವನ್ನು ಹೇಳಿಕೊಂಡರು, ಅದರಲ್ಲಿ ಹೆಚ್ಚಿನದು ರಕ್ತ ಜಿನುಗಿದ್ದು ಇಲ್ಲವೇ ನೀಲಿಗಟ್ಟಿದ್ದು. ಶ್ವಾಸಕೋಶಕ್ಕೆ ಸೂಜಿ ತಾಗಿ ಅದರ ಸುತ್ತ ಗಾಳಿ ತುಂಬಿದ ಪ್ರಕರಣಗಳು ಎರಡು. ಮಂಡಿನೋವಿಗೂ ಶ್ವಾಸಕೋಶಕ್ಕೂ ಏನು ಸಂಬಂಧ ಎನ್ನಬೇಡಿ, ನಾವು ಮಂಡಿನೋವಿನವರ ಭುಜಕ್ಕೂ ಬೆನ್ನಿಗೂ ಸೂಜಿ ಹಾಕುವುದುಂಟು. ಭುಜದ ಮೇಲ್ಭಾಗದಲ್ಲಿ, ಬೆನ್ನಿನ ಮೇಲ್ಭಾಗದಲ್ಲಿ ಸೂಜಿ ಹಾಕಿಸಿಕೊಂಡ ದಿನ, ಹಲವು ಗಂಟೆಗಳ ನಂತರವಾದರೂ ಉಸಿರು ಕಟ್ಟಿದಂತಾದರೆ ಅಥವಾ ಎದೆ ಚುಚ್ಚಿದರೆ, ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಿ ಸೂಜಿಯ ವಿಷಯವನ್ನು ಮೊದಲು ಹೇಳಬೇಕು.

"ಮೂತ್ರಪಿಂಡ, ಯಕೃತ್ತು ದುರ್ಬಲ" ಎಂಬ ಮಾತು ನಿಮ್ಮನ್ನು ಹೆದರಿಸಿರಬಹುದು. ನಮ್ಮ ಪದ್ಧತಿಯಲ್ಲಿ ಆ ಹೆಸರುಗಳು ಸ್ಕ್ಯಾನಿನಲ್ಲಿ ಕಾಣುವ ಅಂಗಗಳನ್ನಷ್ಟೇ ಸೂಚಿಸುವುದಿಲ್ಲ. ಮೂಳೆ, ಕೀಲು, ಸ್ನಾಯು, ನಿದ್ರೆ, ಸಿಟ್ಟು ಎಲ್ಲವನ್ನೂ ಅವುಗಳ ಲೆಕ್ಕಕ್ಕೆ ಹಾಕುವ ಹಳೆಯ ಪರಿಭಾಷೆ ಅದು. ಸಂಧಿನೋವಿನ ವಯಸ್ಕರಲ್ಲಿ ಅರ್ಧ ಜನಕ್ಕೆ ನಾವು ಇದೇ ಮಾತು ಹೇಳುತ್ತೇವೆ. ಅದನ್ನು ಕೇಳಿ ರೋಗವಿದೆಯೆಂದು ಕುಗ್ಗಬೇಡಿ, ನಾಡಿ ಚೆನ್ನಾಗಿದೆ ಎಂದರೆ ರಕ್ತಪರೀಕ್ಷೆಯೂ ಚೆನ್ನಾಗಿರುತ್ತದೆಂದು ನಂಬಲೂ ಬೇಡಿ. ಮಂಡಿ ಒಮ್ಮೆಲೇ ಊದಿ, ಕೆಂಪಾಗಿ, ಬಿಸಿಯಾಗಿ, ಜೊತೆಗೆ ಜ್ವರ ಬಂದರೆ ಅದು ನನ್ನಂಥವರ ಬಳಿಗೆ ಬರುವ ರೋಗವಲ್ಲ.

ಅಳತೆಗೋಲು:

ಫಲ ಕೊಡುತ್ತದೆಯೇ ಎಂಬ ಪ್ರಶ್ನೆಯನ್ನು ಯಾರೂ ನೇರವಾಗಿ ಮುಟ್ಟಲಿಲ್ಲವಾದ್ದರಿಂದ, ಸಂಶೋಧನಾ ಲೇಖನಗಳನ್ನು ಓದುವ ಅಭ್ಯಾಸವಿರುವ ನಾನು ಪ್ರಯತ್ನಿಸುತ್ತೇನೆ. ಸವೆದ ಮಂಡಿಯ ವಿಷಯದಲ್ಲಿ ಅಕ್ಯುಪಂಕ್ಚರ್ ಬಗ್ಗೆ ಸಾಕಷ್ಟು ಪ್ರಯೋಗಗಳು ನಡೆದಿವೆ, ಉತ್ತರ ಮಾತ್ರ ತುಸು ವಿಚಿತ್ರವಾಗಿದೆ.

ಜರ್ಮನಿಯಲ್ಲಿ ಸುಮಾರು ಸಾವಿರ ಮಂಡಿನೋವಿನ ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗವನ್ನು ನೋಡಿ. ಒಂದು ಗುಂಪಿಗೆ ಅಕ್ಯುಪಂಕ್ಚರ್ ಶಾಸ್ತ್ರ ಗುರುತಿಸಿರುವ ಬಿಂದುಗಳಲ್ಲಿ ಸೂಜಿ ಹಾಕಿದರು, ಇನ್ನೊಂದು ಗುಂಪಿಗೆ ಬಿಂದುಗಳೇ ಅಲ್ಲದ ಕಡೆ ಮೇಲುಮೇಲೆ ಚುಚ್ಚಿದರು, ಮೂರನೆಯ ಗುಂಪಿಗೆ ಎಂದಿನ ಚಿಕಿತ್ಸೆಯನ್ನಷ್ಟೇ ಕೊಟ್ಟರು. ಆರು ತಿಂಗಳ ಬಳಿಕ ಗಮನಾರ್ಹ ಸುಧಾರಣೆ ಕಂಡವರು ಮೊದಲ ಗುಂಪಿನಲ್ಲಿ ಶೇ. 53.1, ಎರಡನೆಯದರಲ್ಲಿ ಶೇ. 51.0, ಮೂರನೆಯದರಲ್ಲಿ ಶೇ. 29.1. ಅಂದರೆ ಸೂಜಿ ಹಾಕಿಸಿಕೊಂಡವರು ಹಾಕಿಸಿಕೊಳ್ಳದವರಿಗಿಂತ ಸ್ಪಷ್ಟವಾಗಿ ಮೇಲು, ಆದರೆ ಸೂಜಿಯನ್ನು ಎಲ್ಲಿ ಹಾಕಿದರು ಎಂಬುದರಿಂದ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಅಮೆರಿಕದಲ್ಲಿ 570 ಜನರ ಮೇಲೆ ನಡೆದ 2004ರ ಪ್ರಯೋಗದಲ್ಲಿ ನಿಜವಾದ ಸೂಜಿ ತೋರಿಕೆಯ ಸೂಜಿಗಿಂತ (ಹೋಲಿಕೆಗಾಗಿ ಮಾಡುವ ಹುಸಿ ಚಿಕಿತ್ಸೆಗಿಂತ) ಮೇಲೆನಿಸಿತು. ಆಸ್ಟ್ರೇಲಿಯಾದ 2014ರ ಪ್ರಯೋಗದಲ್ಲಿ ಹಾಗೆನಿಸಲಿಲ್ಲ.

ಇದೇ ಸಾಕ್ಷ್ಯವನ್ನು ಮುಂದಿಟ್ಟುಕೊಂಡು ಅಮೆರಿಕದ ಸಂಧಿರೋಗ ತಜ್ಞರ ಸಂಘವು 2019ರ ಮಾರ್ಗಸೂಚಿಯಲ್ಲಿ ಮಂಡಿಯ ಸವೆತಕ್ಕೆ ಅಕ್ಯುಪಂಕ್ಚರನ್ನು ಷರತ್ತಿನೊಡನೆ ಶಿಫಾರಸು ಮಾಡಿತು, ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆ 2022ರಲ್ಲಿ ಅದೇ ತೊಂದರೆಗೆ ಅದನ್ನು ನೀಡಬೇಡಿ ಎಂದಿತು. ಒಬ್ಬರು ರೋಗಿಗೆ ಆಗುವ ಒಟ್ಟು ನೆಮ್ಮದಿಯನ್ನು ಅಳೆದರು, ಇನ್ನೊಬ್ಬರು ತೋರಿಕೆಯ ಸೂಜಿಗಿಂತ ಎಷ್ಟು ಹೆಚ್ಚು ಎಂಬುದನ್ನು ಅಳೆದರು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಮಲಗಿ ವಿಶ್ರಮಿಸುವುದು, ಒಬ್ಬರು ಗಂಟೆಗಟ್ಟಲೆ ಗಮನವಿಟ್ಟು ಕೇಳಿಸಿಕೊಳ್ಳುವುದು, ಸುಧಾರಿಸುತ್ತದೆಂಬ ನಿರೀಕ್ಷೆ, ಚರ್ಮದ ನರಗಳಿಗೆ ಸಿಗುವ ಪ್ರಚೋದನೆ, ಇವೆಲ್ಲ ಸೇರಿ ನೋವನ್ನು ತಗ್ಗಿಸುತ್ತವೆ. ಬಿಂದುಗಳ ನಕ್ಷೆಯ ಪಾಲು ಅದರಲ್ಲಿ ಸಣ್ಣದು. ಸೂಜಿಮೊನೆಯವರು ಇದನ್ನು ಒಪ್ಪದಿರಬಹುದು.

ರೋಗಿಗೆ ಇದರಿಂದ ಬರುವ ಉಪಯೋಗವೇನೆಂದರೆ, ಫಲವಿದ್ದರೆ ಅದು ಕೆಲವು ವಾರಗಳಲ್ಲೇ ಕಾಣಬೇಕು. ಆರಂಭಿಸುವ ಮುನ್ನವೇ ನಿಮಗೆ ಮುಖ್ಯವಾದ ಒಂದು ಕೆಲಸವನ್ನು ಗುರುತಿಸಿಕೊಳ್ಳಿ, ಉದಾಹರಣೆಗೆ ಒಂದು ಅಂತಸ್ತು ಮೆಟ್ಟಿಲು ಹತ್ತುವಾಗಿನ ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ವಾರಕ್ಕೊಮ್ಮೆ ಬರೆದಿಡಿ. ಆರರಿಂದ ಎಂಟು ಬಾರಿ ಆದ ಮೇಲೂ ಅಂಕ ಕದಲದಿದ್ದರೆ ನಿಲ್ಲಿಸಿ. "ಇನ್ನೂ ಹತ್ತು ಬಾರಿ ಆದರೆ ಬೇರಿನಿಂದಲೇ ಹೋಗುತ್ತದೆ" ಎನ್ನುವವರಿಗೆ ಸವೆದ ಮೃದ್ವಸ್ಥಿ ಸೂಜಿಯಿಂದ ಬೆಳೆಯುವುದಿಲ್ಲವೆಂಬುದನ್ನು ನೆನಪಿಸಿ. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮಕ್ಕೆ ಮೇಲಿನ ಎರಡೂ ಮಾರ್ಗಸೂಚಿಗಳು ಒಕ್ಕೊರಲಿನಿಂದ ಒಪ್ಪಿಗೆ ಕೊಡುತ್ತವೆ, ಸೂಜಿಯ ದಿನಗಳಲ್ಲೂ ಅದನ್ನು ಬಿಡಬೇಡಿ.

ಔಷಧಿ ಕಪಾಟು:

ಮೇಲಿನ ಮೂವರೂ ಸೂಜಿಯ ಬಗ್ಗೆಯೇ ಬರೆದಿದ್ದಾರೆ. ಔಷಧಿಗಳನ್ನು ವಿತರಿಸುವ ಕೆಲಸದಲ್ಲಿರುವ ನನಗೆ ನಿಮ್ಮ ಸೂಜಿಯ ಬಗ್ಗೆ ಅಷ್ಟೇನೂ ಚಿಂತೆಯಿಲ್ಲ. ಸೂಜಿ ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಮೈಯಿಂದ ಹೊರಬರುತ್ತದೆ. ಪುಡಿ ಹಾಗೆ ಹೊರಬರುವುದಿಲ್ಲ. ಅದು ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಯಕೃತ್ತಿಗೆ ಹೋಗಿ, ನಿಮ್ಮ ವಾರ್ಫರಿನ್ನನ್ನು ಒಡೆಯಬೇಕಾದ ಅದೇ ಕಿಣ್ವಗಳ ಮುಂದೆ ಸಾಲಿನಲ್ಲಿ ನಿಲ್ಲುತ್ತದೆ. ನೀವು ಭಯಪಡಬೇಕಾದದ್ದು ಇನ್ನೂ ತೆರೆಯದ ಆ ಪೊಟ್ಟಣಕ್ಕೆ.

ಎರಡು ಗಂಟೆಯ ಅಂತರ ಸಾಕು ಎಂಬ ಮಾತನ್ನು ದಿನಕ್ಕೆ ಹಲವು ಬಾರಿ ಕೇಳುತ್ತೇನೆ. ಎರಡು ಪದಾರ್ಥಗಳು ಹೊಟ್ಟೆಯಲ್ಲೇ ಒಂದಕ್ಕೊಂದು ಅಂಟಿಕೊಂಡು ಹೀರಿಕೆ ತಪ್ಪುವಂತಿದ್ದರೆ ಮಾತ್ರ ಅಂತರ ಉಪಯೋಗಕ್ಕೆ ಬರುತ್ತದೆ. ವಾರ್ಫರಿನ್ನಿನ ಪ್ರಭಾವ ದಿನಗಟ್ಟಲೆ ರಕ್ತದಲ್ಲಿರುತ್ತದೆ, ಕಿಣ್ವಗಳ ಮೇಲೆ ಮೂಲಿಕೆಗಳು ಮಾಡುವ ಪರಿಣಾಮವೂ ದಿನಗಳ, ಕೆಲವೊಮ್ಮೆ ವಾರಗಳ ಲೆಕ್ಕದ್ದು. ಬೆಳಿಗ್ಗೆ ಒಂದು, ಸಂಜೆ ಒಂದು ತೆಗೆದುಕೊಂಡರೂ ಅವೆರಡೂ ಒಳಗೆ ಭೇಟಿಯಾಗಿಯೇ ಆಗುತ್ತವೆ.

ಕೀಲುನೋವಿನ ಚೀನೀ ಸೂತ್ರಗಳಲ್ಲಿ ಸಾಮಾನ್ಯವಾಗಿ ಇರುವ ಡಾಂಗ್ ಗ್ವೇ ಎಂಬ ಬೇರು ವಾರ್ಫರಿನ್ನಿನ ಪ್ರಭಾವವನ್ನು ಹೆಚ್ಚಿಸಿದ ಪ್ರಕರಣಗಳು ವರದಿಯಾಗಿವೆ. ಡಾನ್‌ಶೆನ್ ಎಂಬ ಕೆಂಪು ಬೇರಿನದೂ ಅದೇ ಕಥೆ. ಇದಕ್ಕೆ ವಿರುದ್ಧವಾಗಿ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡ ಕಿಣ್ವಗಳನ್ನು ಚುರುಕುಗೊಳಿಸಿ ವಾರ್ಫರಿನ್ನನ್ನು ಬೇಗನೆ ಒಡೆಯುತ್ತದೆ, ಗರ್ಭನಿರೋಧಕ ಮಾತ್ರೆಗಳನ್ನೂ ಅಂಗ ಕಸಿ ಮಾಡಿಸಿಕೊಂಡವರ ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ಕೊಡುವ ಸೈಕ್ಲೋಸ್ಪೊರಿನನ್ನೂ ನಿಷ್ಫಲಗೊಳಿಸುತ್ತದೆ. ಒಂದರಿಂದ ರಕ್ತಸ್ರಾವ, ಇನ್ನೊಂದರಿಂದ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು. ವಾರ್ಫರಿನ್ ಇರುವವರಿಗೆ ಎರಡು ಬದಿಯಲ್ಲೂ ಕಂದಕವೇ.

ಜ್ಯೇಷ್ಠಮಧುವನ್ನು ಯಾರೂ ಅನುಮಾನಿಸುವುದಿಲ್ಲ, ಗಂಟಲಿಗೆ ಹಿತವಾದ ಸಿಹಿ ಬೇರು. ಚೀನೀ ಸೂತ್ರಗಳಲ್ಲಿ ಉಳಿದ ಮೂಲಿಕೆಗಳನ್ನು ಹೊಂದಿಸುವುದಕ್ಕೆಂದು ಅದನ್ನು ಬಹುಮಟ್ಟಿಗೆ ಎಲ್ಲದರಲ್ಲೂ ಸೇರಿಸುತ್ತಾರೆ. ಅದರಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶವು ಮೂತ್ರಪಿಂಡದ ಒಂದು ಕಿಣ್ವವನ್ನು ತಡೆದು, ದೇಹ ಸೋಡಿಯಂ ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಕಳೆದುಕೊಳ್ಳುವಂತೆ ಮಾಡುತ್ತದೆ. ದಿನವೂ ಕುಡಿದರೆ ರಕ್ತದೊತ್ತಡ ಏರುತ್ತದೆ. ನಿಮ್ಮ ರಕ್ತದೊತ್ತಡದ ಮಾತ್ರೆಯಲ್ಲಿರುವ ಮೂತ್ರವರ್ಧಕದಿಂದಲೂ, ಅದು ಸಾಮಾನ್ಯ ಬಗೆಯದಾಗಿದ್ದರೆ, ಪೊಟ್ಯಾಸಿಯಂ ಇಳಿಯುತ್ತದೆ. ಎರಡೂ ಸೇರಿ ಅದು ತೀರ ಇಳಿದರೆ ಸ್ನಾಯು ಸೋಲುತ್ತದೆ, ಹೃದಯದ ಲಯ ಕೆಡುತ್ತದೆ. ನಿಮ್ಮದು ಮೊದಲೇ ಲಯ ತಪ್ಪುವ ಹೃದಯ. "ಶೀತದಿಂದ ಬಂದ" ಕೀಲುನೋವಿಗೆಂದು ವತ್ಸನಾಭಿಯ ಜಾತಿಯ ಬೇರನ್ನು ಹಾಕುವ ಸೂತ್ರಗಳೂ ಇವೆ. ದೀರ್ಘಕಾಲ ಬೇಯಿಸಿ ಸಂಸ್ಕರಿಸಿದರೆ ಅದರ ವಿಷ ತಗ್ಗುತ್ತದೆ, ಸಂಸ್ಕಾರದಲ್ಲಿ ಎಡವಿದರೆ ಹೃದಯಕ್ಕೇ ಹೊಡೆತ. ಯಾವುದೇ ಕಷಾಯ ಕುಡಿದ ಮೇಲೆ ತುಟಿ, ನಾಲಿಗೆ ಜೋಮು ಹಿಡಿದರೆ ಮನೆಯಲ್ಲಿ ಕಾಯುತ್ತ ಕೂರಬಾರದು.

ಇನ್ನು ಹೆಸರಿನ ಗೊಂದಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಚಿಕಿತ್ಸೆಗೆ ಹೋಗಿದ್ದ ಮಹಿಳೆಯರಲ್ಲಿ ಒಬ್ಬೊಬ್ಬರಾಗಿ ಮೂತ್ರಪಿಂಡಗಳು ಸೋಲತೊಡಗಿದವು. ಕೊನೆಗೆ ನೂರಕ್ಕೂ ಹೆಚ್ಚು ಮಂದಿ ಇದಕ್ಕೆ ಗುರಿಯಾದರು. ಅವರ ಗುಳಿಗೆಗೆ ಸೇರಬೇಕಾಗಿದ್ದದ್ದು ಫಾಂಗ್ ಜೀ ಎಂಬ ಬೇರು, ಸೇರಿದ್ದು ಗ್ವಾಂಗ್ ಫಾಂಗ್ ಜೀ ಎಂಬ ಇನ್ನೊಂದು. ಎರಡನೆಯದು ನಮ್ಮ ಈಶ್ವರಬಳ್ಳಿಯ ಕುಲಕ್ಕೆ ಸೇರಿದ ಗಿಡ. ಅದರ ಅರಿಸ್ಟೊಲೊಕಿಕ್ ಆಮ್ಲ ಮೂತ್ರಪಿಂಡವನ್ನು ಕೆಡಿಸುವುದಷ್ಟೇ ಅಲ್ಲದೆ, ವರ್ಷಗಳ ಬಳಿಕ ಆ ರೋಗಿಗಳಲ್ಲಿ ಹಲವರ ಮೂತ್ರನಾಳದಲ್ಲಿ ಕ್ಯಾನ್ಸರನ್ನೂ ತಂದಿತು. ಈ ಕಾರಣಕ್ಕೇ ನಾನು ಮೂಲಿಕೆಗಳ ಬಳಕೆಯ ಹೆಸರನ್ನು ಒಪ್ಪಿಕೊಳ್ಳುವುದಿಲ್ಲ. ಸಸ್ಯಶಾಸ್ತ್ರೀಯ ಹೆಸರು, ಗಿಡದ ಯಾವ ಭಾಗ, ದಿನಕ್ಕೆ ಎಷ್ಟು ಗ್ರಾಂ, ತಯಾರಕರು ಯಾರು, ಬ್ಯಾಚ್ ಸಂಖ್ಯೆ ಏನು ಎಂಬುದನ್ನು ಬರೆಸಿಕೊಂಡು ಬನ್ನಿ ಎನ್ನುತ್ತೇನೆ.

ಬೆರಕೆಯ ಸಂಗತಿ ಬೇರೆಯೇ ಇದೆ. ಅಂತರ್ಜಾಲದಲ್ಲಿ ಕೊಂಡ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದರಲ್ಲೊಂದು ಭಾಗದಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಪತ್ತೆಯಾಯಿತು. "ಶುದ್ಧ ಮೂಲಿಕೆ" ಎಂದು ಮಾರುವ ಕೀಲುನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಮತ್ತು ನೋವಿನ ಮಾತ್ರೆಯ ಪುಡಿ ಸಿಕ್ಕಿರುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ವರ್ಷಗಳ ಮಂಡಿನೋವು ಎರಡೇ ದಿನದಲ್ಲಿ ಮಾಯವಾದರೆ ಸಂತೋಷಪಡುವ ಮುನ್ನ ಸಂಶಯಪಡಿ.

ಮೂಲಿಕೆಗಳಲ್ಲಿ ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಮಲೇರಿಯಾಕ್ಕೆ ಬಳಸುವ ಆರ್ಟಿಮಿಸಿನಿನ್ ಚೀನೀ ಮೂಲಿಕೆಯಿಂದಲೇ ಬಂದದ್ದು. ಹಳೆಯ ಗ್ರಂಥದಲ್ಲಿ ಅದನ್ನು ಕುದಿಸದೆ ತಣ್ಣೀರಿನಲ್ಲಿ ನೆನೆಸಿ ಹಿಂಡಬೇಕೆಂದು ಇದ್ದ ಸುಳಿವನ್ನು ಹಿಡಿದು ಕಡಿಮೆ ಉಷ್ಣಾಂಶದಲ್ಲಿ ಸಾರ ತೆಗೆದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಆದರೆ ಅದೇ ಗಿಡದ ಎಲೆಯನ್ನು ಚಹಾದಂತೆ ಕುಡಿದು ಮಲೇರಿಯಾವನ್ನು ಎದುರಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಬೆಂಬಲಿಸುವುದಿಲ್ಲ, ಅದರಲ್ಲಿ ಔಷಧಿಯ ಪ್ರಮಾಣ ಎಷ್ಟೆಂಬ ಖಾತ್ರಿ ಇರುವುದಿಲ್ಲವಾದ್ದರಿಂದ. ಗಿಡಕ್ಕೆ ರೋಗ ವಾಸಿಮಾಡುವ ಶಕ್ತಿಯಿದೆ ಎನ್ನುವವರು, ಅದೇ ಉಸಿರಿನಲ್ಲಿ ಅದಕ್ಕೆ ಅಡ್ಡಪರಿಣಾಮವಿಲ್ಲ ಎನ್ನುವುದು ಹೇಗೆಂದು ನನಗೆ ಎಂದೂ ಅರ್ಥವಾಗಿಲ್ಲ.

ನೀವು ಈಗ ಮಾಡಬೇಕಾದದ್ದು ಇಷ್ಟು: ಪೊಟ್ಟಣ ತೆರೆಯಬೇಡಿ, ಪಟ್ಟಿ ಕೇಳಿ, ಅದನ್ನು ವಾರ್ಫರಿನ್ ಬರೆದುಕೊಟ್ಟ ವೈದ್ಯರಿಗೆ ತೋರಿಸಿ. ಮೂಲಿಕೆಯ ಮೇಲಿನ ಭರವಸೆಯಿಂದ ವಾರ್ಫರಿನ್ನನ್ನು ನೀವೇ ನಿಲ್ಲಿಸುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಬೇರೆ ಮಾತ್ರೆಗಳಿಲ್ಲದ ಓದುಗರು ಮೂಲಿಕೆ ತೆಗೆದುಕೊಳ್ಳುವುದಾದರೂ, ಮೊದಲು ಒಮ್ಮೆ, ತಿಂಗಳ ಬಳಿಕ ಒಮ್ಮೆ ಯಕೃತ್ತು ಮತ್ತು ಮೂತ್ರಪಿಂಡಗಳ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಕಾರಣವಿಲ್ಲದೆ ಮೈ ತುರಿಸಿದರೆ ಅಂದೇ ನಿಲ್ಲಿಸಬೇಕು. ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಎರಡು ವಾರ ಮುಂಚೆಯೇ ನಿಲ್ಲಿಸಿ, ಅರಿವಳಿಕೆ ತಜ್ಞರಿಗೆ ತಿಳಿಸಿ.

ಸೂಜಿಮೊನೆ:

ಅಳತೆಗೋಲು ಅವರೇ, ಬಿಂದುಗಳ ಪಾಲು ಸಣ್ಣದೆಂಬುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ತೋರಿಕೆಯ ಸೂಜಿಯೂ ಚರ್ಮವನ್ನು ಚುಚ್ಚುವ ಸೂಜಿಯೇ ಆದ್ದರಿಂದ ಅದನ್ನು ನಿಷ್ಕ್ರಿಯವೆಂದು ಎಣಿಸುವುದೇ ತಪ್ಪು. ಆ ಚರ್ಚೆ ಇಲ್ಲಿ ಬೇಡ. ಔಷಧಿ ಕಪಾಟು ಅವರು ಹೇಳಿದ್ದರಲ್ಲಿ ನನ್ನ ತಕರಾರಿಲ್ಲ. ಸೂಜಿ ಹಾಕುವುದನ್ನು ಕಲಿತವರೆಲ್ಲರೂ ಮೂಲಿಕೆಗಳನ್ನು ಕಲಿತಿರುವುದಿಲ್ಲ, ಅದು ಬೇರೆಯದೇ ವ್ಯಾಸಂಗ. ನಿಮ್ಮ ಚಿಕಿತ್ಸಕರು ಎರಡರಲ್ಲೂ ತರಬೇತಿ ಪಡೆದಿದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ಸಂಜೆಮಲ್ಲಿಗೆ:

ಎಲ್ಲರಿಗೂ ವಂದನೆಗಳು. ಒಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಚಿಕಿತ್ಸಕರನ್ನು ಪಟ್ಟಿ ಕೇಳಿದೆ. ಒಂಬತ್ತು ಮೂಲಿಕೆಗಳ ಹೆಸರು ಬರೆದುಕೊಟ್ಟು, ಉಳಿದ ಎರಡು ಗುರುಗಳಿಂದ ಬಂದ ಗುಟ್ಟು, ಹೇಳುವಂತಿಲ್ಲ ಎಂದರು. ಬರೆದುಕೊಟ್ಟ ಒಂಬತ್ತರಲ್ಲಿ ಡಾಂಗ್ ಗ್ವೇಯೂ ಇದೆ, ಜ್ಯೇಷ್ಠಮಧುವೂ ಇದೆ. ಹೃದ್ರೋಗ ತಜ್ಞರಿಗೆ ತೋರಿಸಲು ಅಂಜುತ್ತಲೇ ಹೋದೆ. ಅವರು ಗದರಲಿಲ್ಲ, ಪಟ್ಟಿಯನ್ನು ನನ್ನ ಕಡತಕ್ಕೆ ಸೇರಿಸಿ, ಪುಡಿ ಬೇಡವೇ ಬೇಡ, ಸೂಜಿ ಹಾಕಿಸಿಕೊಳ್ಳುವುದಾದರೆ ತಮ್ಮ ಅಭ್ಯಂತರವಿಲ್ಲ ಎಂದರು. ಐಎನ್‌ಆರ್ 2.6 ಇದೆ, ನನಗೆ ಇರಬೇಕಾದದ್ದು 2ರಿಂದ 3ರ ನಡುವೆ.

ಪುಡಿಯನ್ನು ಹಿಂದಿರುಗಿಸಿದೆ. ಸೂಜಿಗೆ ಬೇರೊಬ್ಬರನ್ನು ಗೊತ್ತುಮಾಡಿಕೊಂಡಿದ್ದೇನೆ. ಅವರು ನಾನು ಹೇಳುವ ಮುನ್ನವೇ ರಕ್ತ ತೆಳುಗೊಳಿಸುವ ಮಾತ್ರೆಯುಂಟೇ ಎಂದು ಕೇಳಿದರು. ಒಂದೇ ಸಂದೇಹ ಉಳಿದಿದೆ: ಮಂಡಿಗೆ ರಾತ್ರಿ ಹೊತ್ತು ಮೂಲಿಕೆಯ ನೋವಿನ ಮುಲಾಮು ಹಚ್ಚುತ್ತೇನೆ. ಹೊರಗೆ ಹಚ್ಚುವುದರಿಂದ ತೊಂದರೆಯಿಲ್ಲವಷ್ಟೆ?

ಔಷಧಿ ಕಪಾಟು:

ಡಬ್ಬಿಯ ಹಿಂಬದಿ ಓದಿ. ಮೀಥೈಲ್ ಸ್ಯಾಲಿಸಿಲೇಟ್ ಅಥವಾ ವಿಂಟರ್‌ಗ್ರೀನ್ ಎಣ್ಣೆ ಎಂದಿದ್ದರೆ ಅದು ಆಸ್ಪಿರಿನ್ನಿನ ಹತ್ತಿರದ ನಂಟು, ಚರ್ಮದ ಮೂಲಕ ರಕ್ತಕ್ಕೆ ಸೇರುತ್ತದೆ. ಅಂಥ ಮುಲಾಮನ್ನು ಹಚ್ಚಿಕೊಂಡ ವಾರ್ಫರಿನ್ ರೋಗಿಗಳಲ್ಲಿ ಐಎನ್‌ಆರ್ ಏರಿರುವುದು ದಾಖಲಾಗಿದೆ. ಆದರೆ ನೀವು ಬಹಳ ಕಾಲದಿಂದ ಹಚ್ಚುತ್ತಿದ್ದರೆ ವೈದ್ಯರು ನಿಮ್ಮ ವಾರ್ಫರಿನ್ ಪ್ರಮಾಣವನ್ನು ಅದರೊಂದಿಗೇ ಹೊಂದಿಸಿರಬಹುದು, ಹಾಗಾಗಿ ಅವರಿಗೆ ತಿಳಿಸಿ, ಅವರು ಹೇಳಿದಂತೆ ನಿಲ್ಲಿಸಿ. ನಿಲ್ಲಿಸಿದ ಮೇಲೆ ಐಎನ್‌ಆರ್ ಮತ್ತೊಮ್ಮೆ ನೋಡಿಸಬೇಕಾಗುತ್ತದೆ.

ಸಂಜೆಮಲ್ಲಿಗೆ:

ಕನ್ನಡಕ ಹಾಕಿಕೊಂಡು ಡಬ್ಬಿ ತಿರುಗಿಸಿ ನೋಡಿದೆ. ಎರಡನೆಯ ಸಾಲಿನಲ್ಲೇ ಆ ಹೆಸರಿದೆ. ನಾಲ್ಕು ವರ್ಷಗಳಿಂದ ಎರಡೂ ಮಂಡಿಗಳಿಗೆ ಹಚ್ಚುತ್ತಿದ್ದೇನೆ, ಇದನ್ನು ಔಷಧಿಯೆಂದೇ ನಾನು ಎಣಿಸಿರಲಿಲ್ಲವಾದ್ದರಿಂದ ಯಾವ ವೈದ್ಯರಿಗೂ ಹೇಳಿಲ್ಲ. ಪಟ್ಟಿಗೆ ಸೇರಿಸಿದ್ದೇನೆ, ಸೋಮವಾರ ಫೋನ್ ಮಾಡುತ್ತೇನೆ.